ಹನ್ನೊಂದು ಒರಳು

ಬಿಂದಿಗೆ ಎತ್ತಿ ಅಸಿಮೀನಾ ಅಷ್ಟೂ ನೀರನ್ನು ಆ ಕಲ್ಲಿನ ಮೇಲೆ ಸುರಿದೇಬಿಟ್ಟಳು.

ಗಿರಣಿ ಕಾಲುವೆಯ ನೀರು ಅದು. ಸೆಪ್ಟೆಂಬರ್ ಮೊದಲ ವಾರಕ್ಕೇ ಕೈ ಮರಗಟ್ಟಿಸುವಷ್ಟು ತಣ್ಣಗಾಗಿತ್ತು. ಕಲ್ಲಿನ ಮೇಲಿಂದ ಅದು ಕೆಂಪಾಗಿ ಹರಿಯಿತು. ಮೂರು ದಿನ ಮಂಡಿಯೂರಿ, ನೂಲು ಹಿಡಿದು, ಅಳತೆ ತೆಗೆದು, ಕೆಮ್ಮಣ್ಣಿನಲ್ಲಿ ಬರೆದಿದ್ದ ಅಕ್ಷರಗಳೆಲ್ಲ ಕರಗಿ, ಪಕ್ಕದಲ್ಲಿ ಕೂತಿದ್ದ ಗಂಡಸಿನ ಷರಾಯಿ ನೆನೆಸಿ, ಅಂಗಳದ ಇಳಿಜಾರು ಹಿಡಿದು ಹಳ್ಳಕ್ಕೆ ಹೋದವು.

ಅವನು ಕೂಗಾಡಲಿಲ್ಲ. ಕೈಯಲ್ಲಿದ್ದ ಕುಂಚವನ್ನು ನೋಡಿದ, ಕಲ್ಲನ್ನು ನೋಡಿದ, ಆಮೇಲೆ ಅವಳನ್ನು ನೋಡಿದ. ಮೂವತ್ತರ ಆಸುಪಾಸಿನ ಆಳು. ಹುಬ್ಬಿನ ಕೂದಲಲ್ಲೂ ಕಲ್ಲಿನ ಪುಡಿ.

ಕೂಗಾಡಿದ್ದರೆ ಅವಳಿಗೆ ಎಷ್ಟೋ ಸಲೀಸಾಗುತ್ತಿತ್ತು.

"ನಿಮಗೆ ಓದೋಕೆ ಬರುತ್ತಾ, ಇಲ್ಲಾ ಬರೀ ಕೆತ್ತೋಕೆ ಮಾತ್ರಾನಾ?" ಎಂದು ಕೇಳಿದಳು.

"ಬರುತ್ತೆ."

"ಹಾಗಾದ್ರೆ ಕೊನೇ ಸಾಲು ಓದಿ ಹೇಳಿ. ನಾನೂ ಕೇಳ್ತೀನಿ."

ಕೊನೆಯ ಸಾಲು ಕಲ್ಲಿನ ಮೇಲೆ ಉಳಿದಿರಲಿಲ್ಲ. ಅವನು ಜೇಬಿನಿಂದ ಮಡಿಸಿದ ಚೀಟಿ ತೆಗೆದು, ಬಿಚ್ಚಿ, ನಿಧಾನವಾಗಿ ಓದಿದ. "ಮತ್ತು ಅವರ ಮನೆಯವರು."

"ಮನೆಯವರು..." ಎಂದಳು ಅಸಿಮೀನಾ. "ನೀವು ಕಾಲಿಟ್ಟಿರೋ ಈ ಜಾಗದಲ್ಲಿ ಹನ್ನೊಂದು ಜನ ಹೆಂಗಸರು ಬೆಂದು ಸತ್ತಿದ್ದಾರೆ. ಹದಿನಾಲ್ಕು ಗಂಡಸರಿಗೆ ಹದಿನಾಲ್ಕು ಸಾಲು. ಇವರು ಹನ್ನೊಂದು ಜನಕ್ಕೂ ಸೇರಿ ಒಂದೇ ಸಾಲು. ಅದೂ ಹೆಸರಿಲ್ಲದ ಸಾಲು!"

ಅವನು ಚೀಟಿಯನ್ನು ಮತ್ತೆ ಅದೇ ಮಡಿಕೆಯಲ್ಲಿ ಮಡಿಸಿದ. "ಚೀಟಿಯಲ್ಲಿ ಇರೋದನ್ನ ಕೆತ್ತೋನು ನಾನು. ಬರೆಯೋನು ಬೇರೆ."

ಆ ಮಾತು ಅವಳ ಮೈಗೆ ಕೆಂಡದಂತೆ ತಗುಲಿತು. ಖಾಲಿ ಬಿಂದಿಗೆಯನ್ನು ಅಲ್ಲೇ ಕುಕ್ಕಿ, ಮೆಟ್ಟಿಲು ಹತ್ತಿ ಮನೆಗೆ ಹೋದಳು.

ಮಾವ್ರೊಲಿಥಿ ಊರಿನ ಗಿರಣಿ ಅಸಿಮೀನಾಳ ಅಜ್ಜಿಯ ಮನೆತನದ್ದು. ಈಗ ಅದರಲ್ಲಿ ಹಿಟ್ಟು ಬೀಸುವುದಿಲ್ಲ. ಬೇಸಿಗೆಯಲ್ಲಿ ಬೆಟ್ಟ ಹತ್ತಿ ಬರುವ ಪ್ರವಾಸಿಗಳಿಗೆ ಅಸಿಮೀನಾ ಬೀಗ ತೆಗೆದು ತೋರಿಸುತ್ತಾಳೆ, ಜೇನುತುಪ್ಪ ಮಾರುತ್ತಾಳೆ. ಅಂಗಳದಲ್ಲೊಂದು ಉದ್ದನೆಯ ಬಂಡೆ ಮಲಗಿದೆ. ಅದರಲ್ಲಿ ಸಾಲಾಗಿ ಹನ್ನೊಂದು ಗುಳಿ, ಹನ್ನೊಂದು ಒರಳು. ಇನ್ನೂರು ವರ್ಷದ ಹಿಂದೆ, ಸುಲ್ತಾನನ ಸೇನಾಪತಿ ಪಾಷಾನ ದಂಡು ಕಣಿವೆಯ ಊರುಗಳನ್ನೆಲ್ಲ ಸುಡುತ್ತ ಮೇಲೇರುತ್ತಿದ್ದಾಗ, ಗಂಡಸರು ಕೋವಿ ಹಿಡಿದು ಕಣಿವೆಯ ಬಾಯಿಗೆ ಹೋಗಿದ್ದರು. ಅವರ ಕೋವಿಗೆ ಮದ್ದು ಕುಟ್ಟಿದವರು ಈ ಹನ್ನೊಂದು ಹೆಂಗಸರು. ತೋಟಾ ಸುತ್ತಲು ಕಾಗದ ಸಾಲದೆ ಬಂದಾಗ ಚರ್ಚಿನ ಜ್ಞಾನಸ್ನಾನದ ಪುಸ್ತಕವನ್ನೇ ಹರಿದು ಸುತ್ತಿದರು. ಒಂದು ಮಧ್ಯಾಹ್ನ ಎಲ್ಲಿಂದಲೋ ಒಂದು ಕಿಡಿ ಬಿತ್ತು. ಅಷ್ಟೇ.

ಊರಿನ ಅಧ್ಯಕ್ಷ ಸೊತೀರಿಸ್ ಕಳೆದ ವರ್ಷ ಆ ಹನ್ನೊಂದು ಒರಳಿನಲ್ಲೂ ಒಂದೊಂದು ಜೆರೇನಿಯಂ ಹೂವಿನ ಕುಂಡ ಇಡಿಸಿದ್ದ. ಫೋಟೋ ಚೆನ್ನಾಗಿ ಬರುತ್ತದಂತೆ. ಅದನ್ನು ನೋಡಿದಾಗಲೆಲ್ಲ ಅಸಿಮೀನಾಳ ಎದೆಯೊಳಗೆ ಯಾರೋ ಒನಕೆ ಹಾಕಿದಂತಾಗುತ್ತಿತ್ತು. ಇಷ್ಟಕ್ಕೂ ಅವನು ಹೊರಗಿನವನಲ್ಲ. ಅವಳಿಗೆ ಜ್ಞಾನಸ್ನಾನ ಮಾಡಿಸುವಾಗ ಎತ್ತಿ ಹಿಡಿದ ಧರ್ಮತಂದೆ. ಅವನ ಮೇಲೆ ಕೋಪ ಮಾಡಿಕೊಳ್ಳುವುದೂ ಅವಳಿಗೆ ಮನೆಯವರ ಮೇಲೆ ಮಾಡಿಕೊಂಡಂತೆ ನೋವಿನ ಕೆಲಸವೇ.

ಶಿಲುಬೆಯ ಹಬ್ಬದ ನಂತರದ ಭಾನುವಾರ ಇನ್ನೂರನೇ ವರ್ಷದ ಸ್ಮರಣೆ. ಅಂಗಳದಲ್ಲಿ ಕಲ್ಲು ನಿಲ್ಲುತ್ತದೆ. ಒಮ್ಮೆ ನಿಂತರೆ ಮುಗಿಯಿತು. ಇನ್ನಿನ್ನೂರು ವರ್ಷ ಆ ಹನ್ನೊಂದು ಜನ 'ಮನೆಯವರು' ಆಗಿಯೇ ಉಳಿಯುತ್ತಾರೆ.

ಅಸಿಮೀನಾ ಅಕ್ಕನ ಮಗುವಿನ ಜ್ಞಾನಸ್ನಾನಕ್ಕೆಂದು ಮೂರು ದಿನ ಪಟ್ಟಣಕ್ಕೆ ಹೋಗಿದ್ದಾಗ, ಕಲ್ಲನ್ನೂ ಕಲ್ಲುಕುಟಿಗನನ್ನೂ ತಂದು ಅಂಗಳದಲ್ಲಿ ಇಳಿಸಲಾಗಿತ್ತು. ಕಣಿವೆಯಾಚೆಯ ಲಿಥೋರಾಹಿಯವನು, ಹೆಸರು ವ್ಲಾಸಿಸ್, ಮೂರು ತಲೆಮಾರಿನಿಂದ ಕಲ್ಲುಕೆಲಸದ ಮನೆ ಎಂದು ಅಜ್ಜಿ ಹೇಳಿದಳು. ಹೇಳಿ, ತಟ್ಟೆಯಲ್ಲಿ ಬೀನ್ಸ್ ಸಾರು ಹಾಕಿ, ಮೇಲೊಂದು ರೊಟ್ಟಿ ಇಟ್ಟು, ಮೇಸ್ತ್ರಿಗೆ ಕೊಟ್ಟು ಬಾ ಎಂದಳು.

"ನಾನು ಕೊಡಲ್ಲ."

"ನೀರು ಸುರಿಯೋಕೆ ಕೈ ಬಂತಲ್ಲ? ಊಟ ಕೊಡೋಕೂ ಬರುತ್ತೆ. ಹೋಗು."

ಅವಳು ಹೋದಳು. ತಟ್ಟೆಯನ್ನು ಸದ್ದು ಬರುವಂತೆ ಇಟ್ಟಳು. ಅವನು ಆಗಲೇ ಮೊದಲ ಸಾಲಿನಿಂದ ಮತ್ತೆ ಅಕ್ಷರ ಬರೆಯುತ್ತಿದ್ದ. ಅಧ್ಯಕ್ಷನಿಗೆ ದೂರು ಕೊಟ್ಟಿರಲಿಲ್ಲ. ಕಾಫಿ ಅಂಗಡಿಯಲ್ಲಿ ಯಾರೋ ಕೆಲಸ ಯಾಕೆ ಹಿಂದೆ ಬಿತ್ತು ಎಂದು ಕೇಳಿದ್ದಕ್ಕೆ, ಕೆಮ್ಮಣ್ಣು ಸರಿಯಾಗಿ ಹಿಡಿಯಲಿಲ್ಲ ಎಂದನಂತೆ.

ಅದನ್ನು ಕೇಳಿ ಅವಳಿಗೆ ಇನ್ನಷ್ಟು ಸಿಟ್ಟು ಬಂತು. ಅವನ ಉಪಕಾರ ಯಾರಿಗೆ ಬೇಕಿತ್ತು?

ನಾಲ್ಕನೆಯ ದಿನ ತಟ್ಟೆ ಹಿಡಿದು ಇಳಿದಾಗ ಅವನು ತನ್ನ ಕಲ್ಲಿನ ಹತ್ತಿರ ಇರಲಿಲ್ಲ. ಒರಳಿನ ಬಂಡೆಯ ಪಕ್ಕ ಕೂತಿದ್ದ. ಒಂದು ಜೆರೇನಿಯಂ ಕುಂಡವನ್ನು ಎತ್ತಿ ಪಕ್ಕಕ್ಕಿಟ್ಟು, ಗುಳಿಯೊಳಗೆ ಅಂಗೈ ಇಳಿಸಿ, ಕಣ್ಣುಮುಚ್ಚಿ ಸವರುತ್ತಿದ್ದ.

ಏನು ಮಾಡುತ್ತಿದ್ದೀರಿ ಎಂದು ಗದರಬೇಕೆಂದು ಅವಳು ಬಾಯಿ ತೆಗೆದಳು. ಅಷ್ಟರಲ್ಲಿ ಅವನೇ ಹೇಳಿದ.

"ಇವಳು ಎಡಗೈಯವಳು."

"...ಏನು?"

"ನೋಡಿ. ಬೇರೆ ಗುಳಿಯೆಲ್ಲ ಬಲಕ್ಕೆ ಸವೆದಿದೆ. ಇದೊಂದು ಎಡಕ್ಕೆ. ಅಲ್ಲಿ ಕೊನೇದು ಬಹಳ ಆಳ ಇಲ್ಲ. ಅವಳು ಚಿಕ್ಕವಳಿರಬೇಕು, ಇಲ್ಲಾ ತಡವಾಗಿ ಬಂದು ಸೇರಿಕೊಂಡವಳು. ಈ ಮೂರನೆಯವಳು ಮಾತ್ರ ಗಟ್ಟಿಗಿತ್ತಿ. ಕಲ್ಲನ್ನೇ ತಿಂದುಹಾಕಿದ್ದಾಳೆ."

ಅಸಿಮೀನಾ ತಟ್ಟೆ ಹಿಡಿದೇ ನಿಂತಳು.

ಹುಟ್ಟಿದಾಗಿನಿಂದ ಅವಳು ಈ ಹೆಂಗಸರ ಕಥೆ ಕೇಳಿದ್ದಳು, ಸಾವಿರ ಸಲ ಪ್ರವಾಸಿಗಳಿಗೆ ಹೇಳಿದ್ದಳು. 'ಅವರು', 'ಹನ್ನೊಂದು ಜನ', 'ವೀರ ಮಹಿಳೆಯರು'... ಯಾರೂ, ಒಬ್ಬರೂ, ಅವರಲ್ಲಿ ಒಬ್ಬಳನ್ನು ಬಿಡಿಸಿ 'ಇವಳು' ಅಂದಿರಲಿಲ್ಲ.

ಆ ಮಧ್ಯಾಹ್ನ ಅವಳು ತಟ್ಟೆಯನ್ನು ಸದ್ದಿಲ್ಲದೆ ಇಟ್ಟಳು. ಅವನು ಉಂಡು ಮುಗಿಸುವ ತನಕ ಬಂಡೆಯ ಇನ್ನೊಂದು ತುದಿಯಲ್ಲಿ ಕೂತಿದ್ದಳು. ಮೇಲೆ ಹೋಗುವಾಗ, ನಾಳೆ ಸಂಜೆ ಕಾಫಿ ಅಂಗಡಿಯಲ್ಲಿ ಪಂಚಾಯತಿ ಸೇರುತ್ತದೆ, ಹೆಸರಿನ ವಿಷಯ ಎತ್ತುತ್ತೇನೆ, ನೀವೂ ಬನ್ನಿ ಎಂದಳು.

ಬರುತ್ತೇನೆ ಎಂದ.

ಮರುಸಂಜೆ ಕಾಫಿ ಅಂಗಡಿ ತುಂಬಿತ್ತು. ಸೊತೀರಿಸ್ ಮಾತಿಗೆ ಸಿಹಿ ಬೆರೆಸಿಯೇ ಶುರು ಮಾಡಿದ. ನಮ್ಮ ಹೆಣ್ಣುಮಕ್ಕಳು ಅಂದರೆ ನನಗೂ ಹೆಮ್ಮೆಯೇ, ಆದರೆ ಕಲ್ಲು ಅಂದರೆ ದಾಖಲೆ, ಬಾಯಿಮಾತಿನ ಮೇಲೆ ಕೆತ್ತಲು ಬರುವುದಿಲ್ಲ, ಸರ್ಕಾರದವರು ಬಂದು ನೋಡುತ್ತಾರೆ ಎಂದು ವಿವರಿಸಿದ. ಕೊನೆಗೆ ಅವಳ ತಲೆ ಸವರುವ ದನಿಯಲ್ಲಿ, "ಮುದ್ರೆ ಇರೋ ಒಂದು ಕಾಗದ ತೋರ್ಸು ಮಗಳೇ. ನಾಳೆನೇ ಕೆತ್ತಿಸ್ತೀನಿ," ಎಂದ.

ಅಸಿಮೀನಾ ಎದ್ದು ನಿಂತಳು.

"ಕಾಗದ ಎಲ್ಲಿಂದ ತರ್ಲಿ ಅಪ್ಪಯ್ಯ? ಕಾಗದ ಇತ್ತು. ಚರ್ಚಿನ ಪುಸ್ತಕದಲ್ಲಿ ಅವರ ಹೆಸರು ಇತ್ತು. ಆ ಪುಸ್ತಕ ಹರಿದು ತೋಟಾ ಸುತ್ತಿದ್ದು ಅವರೇ. ನಿಮ್ಮ ಮುತ್ತಾತನ ತಾತ ಕಣಿವೆ ಬಾಯಲ್ಲಿ ಹಾರಿಸಿದನಲ್ಲ ಕೋವಿ, ಅದರಲ್ಲಿ ಸುಟ್ಟು ಹೋಗಿದ್ದು ಅವರ ಹೆಸರೇ. ಅವನ ಹೆಸರು ಕಲ್ಲಿನ ಮೊದಲ್ನೇ ಸಾಲಲ್ಲಿದೆ. ಈಗ ಅವರನ್ನ ಕಾಗದ ಕೇಳ್ತೀರಾ?"

ಜಪಮಣಿ ಎಣಿಸುತ್ತಿದ್ದ ಮುದುಕರ ಕೈಗಳು ನಿಂತವು. ಒಲೆಯ ಮೇಲೆ ಕಾಫಿ ಉಕ್ಕಿತು, ಯಾರೂ ಇಳಿಸಲಿಲ್ಲ.

ಸೊತೀರಿಸ್ ತಲೆ ಕೆರೆದುಕೊಂಡ. ಸುತ್ತಲಿನ ಮುಖಗಳನ್ನು ನೋಡಿದ. ಕೊನೆಗೆ, ಸರಿ, ನಿನ್ನ ಹತ್ತಿರ ಪಟ್ಟಿ ಇದ್ದರೆ ಮೇಸ್ತ್ರಿಗೆ ಕೊಡು, ಜಾಗ ಹಿಡಿಸಿದರೆ ಕೆತ್ತಲಿ ಎಂದುಬಿಟ್ಟ.

ಅವಳಿಗೆ ನಂಬಲಾಗಲಿಲ್ಲ. ಗೆದ್ದೆನೇ? ಅಜ್ಜಿ ಹಾಡುವ ಶೋಕಗೀತೆಯಿಂದ ಒಂದೊಂದಾಗಿ ಹೆಕ್ಕಿ, ಚಿಕ್ಕ ಹುಡುಗಿಯಾಗಿದ್ದಾಗಿನಿಂದ ಕಾಪಾಡಿಕೊಂಡಿದ್ದ ಪಟ್ಟಿಯನ್ನು ತೆಗೆದು ವ್ಲಾಸಿಸನ ಮುಂದೆ ಇಟ್ಟಳು. ಅವಳ ಕಣ್ಣು ಹೊಳೆಯುತ್ತಿತ್ತು.

ಅವನು ಓದಿದ. ಬೆರಳಿಟ್ಟು ಒಂದೊಂದೇ ಹೆಸರು ಓದಿದ. ಮತ್ತೆ ಮೇಲಿನಿಂದ ಓದಿದ.

"ಇದನ್ನ ನಾನು ಕೆತ್ತಲ್ಲ," ಎಂದ.

ಅಂಗಡಿಯಲ್ಲಿ ಯಾರೋ ಕಿಸಕ್ಕನೆ ನಕ್ಕರು.

"ಜಾಗ ಇದೆ," ಎಂದು ಅವನು ಏನೋ ಹೇಳಲು ಹೊರಟ. ಅವನು ಮಾತಿನಲ್ಲಿ ನಿಧಾನಿ. ಒಂದು ಮಾತಿನಿಂದ ಇನ್ನೊಂದಕ್ಕೆ ಹೋಗಲು ಅವನಿಗೆ ಕಲ್ಲಿನ ಮೇಲಿನಷ್ಟೇ ಹೊತ್ತು ಬೇಕು. "ಜಾಗ ಇದೆ... ಆದ್ರೆ ಈ ಹೆಸರು..."

ಅಷ್ಟರಲ್ಲಿ ಸೊತೀರಿಸ್ ಕೈ ಎತ್ತಿದ. ಮೇಸ್ತ್ರಿಯೇ ಒಲ್ಲೆ ಅಂದ ಮೇಲೆ ನಾನೇನು ಮಾಡಲಿ ಎಂದು ನಗುತ್ತ ಎದ್ದ. ಕುರ್ಚಿಗಳು ಸರಿದವು.

ಅಸಿಮೀನಾ ಪಟ್ಟಿಯನ್ನು ಅವನ ಬೆರಳಿನ ಕೆಳಗಿನಿಂದ ಎಳೆದುಕೊಂಡಳು. ಅವನು ಹಿಂದೆಯೇ ಬಾಗಿಲ ತನಕ ಬಂದ. ಅವಳು ತಿರುಗಿ ಒಂದೇ ಮಾತು ಹೇಳಿದಳು.

"ಗುಳಿಯೊಳಗೆ ಕೈ ಇಟ್ಟು ಎಡಗೈಯವಳು ಅಂದ್ರಲ್ಲ, ಅದನ್ನ ನಾನು ನಂಬಿದ್ದೆ. ನನಗೆ ಬುದ್ಧಿ ಇರಲಿಲ್ಲ."

ಅವಳ ಕಣ್ಣೀರನ್ನು ಆ ಸಂಜೆ ನೋಡಿದ್ದು ಮನೆಯ ಹಿಂದಿನ ಅಕ್ರೋಟಿನ ಮರ ಮಾತ್ರ. ಸೊತೀರಿಸನ ಮೇಲಿನ ಸಿಟ್ಟು ಹಳೆಯದು, ಅದನ್ನು ಹೊರುವುದು ಅವಳಿಗೆ ರೂಢಿಯಾಗಿತ್ತು. ಇದು ಬೇರೆ. ಇದು ಎದೆಯ ನಡುವೆ ಕೂತಿತ್ತು. ಯಾಕೆ ಇಷ್ಟು ನೋಯುತ್ತಿದೆ? ನಾಲ್ಕು ದಿನದ ಪರಿಚಯದ ಒಬ್ಬ ಕಲ್ಲುಕುಟಿಗ... ಅವನು ಯಾರು ನನಗೆ?

ಆ ಪ್ರಶ್ನೆಗೆ ಉತ್ತರ ಗೊತ್ತಿದ್ದರಿಂದಲೇ ಅವಳು ಮತ್ತಷ್ಟು ಅತ್ತಳು.

ಮರುದಿನದಿಂದ ಅಂಗಳಕ್ಕೆ ಇಳಿಯುವುದನ್ನು ಬಿಟ್ಟಳು. ಊಟವನ್ನು ಅಜ್ಜಿಯೇ ಒಯ್ದಳು. ಉಳಿಯ ಸದ್ದು ಬೆಳಿಗ್ಗೆ ಮಾತ್ರ ಕೇಳುತ್ತಿತ್ತು, ಮಧ್ಯಾಹ್ನ ನಿಂತುಬಿಡುತ್ತಿತ್ತು. ಮೇಸ್ತ್ರಿ ಮನೆಮನೆ ತಿರುಗುತ್ತಿದ್ದಾನೆ ಎಂದು ರೊಟ್ಟಿಯಂಗಡಿಯಲ್ಲಿ ಹೆಂಗಸರು ಮಾತಾಡಿಕೊಂಡರು. ಮುದುಕಿಯರಿರುವ ಮನೆಗೇ ಹೋಗುತ್ತಾನಂತೆ, ಕಾಫಿ ಕುಡಿದು ಗಂಟೆಗಟ್ಟಲೆ ಕೂರುತ್ತಾನಂತೆ, ಮನೆಯ ಹೆಣ್ಣುಮಕ್ಕಳ ಹೆಸರು ಕೇಳುತ್ತಾನಂತೆ. ಹೆಣ್ಣು ಹುಡುಕುತ್ತಿದ್ದಾನೆ ಎಂದು ಒಬ್ಬಳು ತೀರ್ಮಾನ ಕೊಟ್ಟಳು. ಇನ್ನೊಬ್ಬಳು ಅಸಿಮೀನಾಳ ಮುಖ ನೋಡಿ ಬಾಯಿ ಮುಚ್ಚಿಕೊಂಡಳು.

ಹುಡುಕಲಿ, ಎಂದುಕೊಂಡಳು ಅಸಿಮೀನಾ. ನನಗೇನು? ಕಲ್ಲಿನಂಥವನಿಗೆ ಕಲ್ಲಿನಂಥವಳು ಸಿಗಲಿ...

ಗುರುವಾರ ಹತ್ತು ಗಂಟೆಗೆ ಜೇನುಪೆಟ್ಟಿಗೆ ನೋಡಿಕೊಂಡು ಮನೆಗೆ ಬಂದಾಗ ಅಡುಗೆಮನೆಯಿಂದ ಅವನ ದನಿ ಕೇಳಿಸಿತು.

ನಮ್ಮ ಮನೆಗೂ ಬಂದನೇ? ಹೊರಗೆ ಹಾಕಬೇಕೆಂದು ದಾಪುಗಾಲಿಟ್ಟು ಬಾಗಿಲಿಗೆ ಬಂದವಳು ಅಲ್ಲೇ ನಿಂತಳು.

ಅಜ್ಜಿ ಮೇಜಿನ ಒಂದು ಬದಿ, ಅವನು ಇನ್ನೊಂದು ಬದಿ. ನಡುವೆ ಅಕ್ರೋಟಿನ ಸಕ್ಕರೆಪಾಕದ ಬಟ್ಟಲು. ಅವನ ಮುಂದೊಂದು ನೋಟುಪುಸ್ತಕ.

"ಸ್ಟಾಥೆನಾ ಅಲ್ಲ ಅಜ್ಜಿ," ಎನ್ನುತ್ತಿದ್ದ ಅವನು. "ಅದು ನಿಮ್ಮ ಯಜಮಾನರ ಹೆಸರು. ಸ್ಟಾಥಿಸನ ಹೆಂಡತಿ ಅಂತ. ನಿಮ್ಮ ಹೆಸರು ಹೇಳಿ."

ಅಜ್ಜಿ ಬಟ್ಟಲಿನಲ್ಲಿ ಚಮಚ ತಿರುಗಿಸಿದಳು.

ಆ ಸೀಮೆಯಲ್ಲಿ ಮದುವೆಯ ಕಿರೀಟ ತಲೆಗೇರಿದ ದಿನದಿಂದ ಹೆಣ್ಣಿನ ಹೆಸರು ಮುಗಿಯುತ್ತದೆ. ಲಾಂಬ್ರೊಸನನ್ನು ಮದುವೆಯಾದವಳು ಲಾಂಬ್ರೆನಾ, ಕೊಸ್ಮಾಸನ ಹೆಂಡತಿ ಕೊಸ್ಮೆನಾ. ಗಂಡ ಕರೆಯುವುದೂ ಹಾಗೆಯೇ, ಊರು ಕರೆಯುವುದೂ ಹಾಗೆಯೇ. ಅರವತ್ತು ವರ್ಷದಿಂದ ಅಜ್ಜಿಯನ್ನು ಯಾರೂ ಬೇರೆ ಹೆಸರಿನಿಂದ ಕರೆದಿರಲಿಲ್ಲ. ಸ್ವಂತ ಹೆಸರನ್ನು ಅವಳು ಎಲ್ಲೋ ಪೆಟ್ಟಿಗೆಯ ತಳದಲ್ಲಿಟ್ಟು ಮರೆತವಳಂತೆ ಹುಡುಕಿದಳು. ಸಿಕ್ಕಿದ ಮೇಲೆ ಹೇಳಲು ನಾಚಿದಳು.

"ಅಸಿಮೀನಾ," ಎಂದಳು. "ನನ್ನ ಹೆಸ್ರೇ ಮೊಮ್ಮಗಳಿಗೂ ಇಟ್ಟಿದ್ದು. ನಮ್ಮಲ್ಲಿ ಅಜ್ಜಿ ಹೆಸ್ರು ಮೊಮ್ಮಗಳಿಗೆ ತಾನೇ?"

"ನಿಮಗೆ ಯಾರದ್ದು ಇಟ್ಟಿದ್ರು?"

"ನನ್ನ ಅಪ್ಪನ ಅಮ್ಮಂದು. ಅವಳಿಗೆ ಅವಳ ಅಜ್ಜಿದು."

"ಆ ಅಜ್ಜಿಗೆ?"

"ಅವಳು ಹುಟ್ಟಿದ್ದು ಗಿರಣೀಲಿ ಮದ್ದು ಸಿಡೀತಲ್ಲ, ಆ ಚಳಿಗಾಲದಲ್ಲಂತೆ. ಸತ್ತವಳ ಹೆಸ್ರೇ..." ಅಜ್ಜಿಯ ಕೈಯಲ್ಲಿದ್ದ ಚಮಚ ನಿಂತಿತು. "ಸತ್ತವಳ ಹೆಸ್ರೇ ಮಗುವಿಗೆ ಇಟ್ರಂತೆ. ನಮ್ಮ ಲಾಂಬ್ರೆನಾಳ ಹೆಸ್ರು... ಅಯ್ಯೋ ತಾಯಿ..."

ವ್ಲಾಸಿಸ್ ನೋಟುಪುಸ್ತಕದಲ್ಲಿ ಬರೆದುಕೊಂಡ. ಆಮೇಲೆ ತಲೆ ಎತ್ತಿ ಬಾಗಿಲಲ್ಲಿ ನಿಂತವಳನ್ನು ನೋಡಿದ.

ಅಸಿಮೀನಾ ಜೇಬಿನಲ್ಲೇ ಇದ್ದ ತನ್ನ ಪಟ್ಟಿಯನ್ನು ತೆಗೆದು ನೋಡಿದಳು. ಲಾಂಬ್ರೆನಾ, ಕೊಸ್ಮೆನಾ, ಥೊದೊರೆನಾ... ಹನ್ನೊಂದೂ ಗಂಡಂದಿರ ಹೆಸರು. ಅದೇ ಹನ್ನೊಂದು ಗಂಡಸರು ಇನ್ನೊಮ್ಮೆ, ಲಂಗ ಉಟ್ಟುಕೊಂಡು. ಇಷ್ಟು ವರ್ಷ ಊರನ್ನೆಲ್ಲ ಬೈದವಳು, ಆ ಹೆಂಗಸರ ಹೆಸರು ಕಲ್ಲಿನ ಮೇಲೆ ಬರಲೇಬೇಕೆಂದು ಜಗಳವಾಡಿದವಳು, ಅವರ ಹೆಸರನ್ನೇ ಕೇಳಿರಲಿಲ್ಲ. ತನ್ನ ಅಜ್ಜಿಗೂ ಒಂದು ಹೆಸರಿದೆ ಎಂದು ಗೊತ್ತಿದ್ದೂ ಒಮ್ಮೆಯೂ ಹಾಗೆ ಕರೆದಿರಲಿಲ್ಲ.

"ಅವತ್ತೇ ಯಾಕೆ ಹೇಳಲಿಲ್ಲ?" ಎಂದು ಕೇಳಿದಳು. ಸಿಟ್ಟು ಇನ್ನೂ ಇತ್ತು. ಎತ್ತ ತಿರುಗಬೇಕೆಂದು ಅದಕ್ಕೇ ತಿಳಿಯುತ್ತಿರಲಿಲ್ಲ.

"ಹೇಳ್ತಾ ಇದ್ದೆ. ನೀವು ಎದ್ದು ಹೋದ್ರಿ."

"ನಿಮ್ಮ ಮಾತು ಮುಗಿಯೋ ತನಕ ಕಾಯ್ತಾ ಇದ್ರೆ ಚಳಿಗಾಲ ಬರುತ್ತೆ."

"ಹೌದು," ಎಂದು ಅವನು ಒಪ್ಪಿಕೊಂಡ. "ಅದಕ್ಕೇ ಮೊದಲು ಹುಡುಕೋಣ, ಆಮೇಲೆ ಹೇಳೋಣ ಅಂತ... ನಮ್ಮಮ್ಮ ಸತ್ತಾಗ ಅವಳ ಗೋರಿಕಲ್ಲು ನಾನೇ ಕೆತ್ತಿದ್ದು. ಊರವರು ಕರೆಯೋ ಹಾಗೆ, ಅಪ್ಪನ ಹೆಸರಲ್ಲೇ ಕೆತ್ತಿಬಿಟ್ಟೆ. ಆಮೇಲೆ ಅವಳ ತಂಗಿ ಬಂದು ನೋಡಿ, ಇದ್ಯಾರು ಅಂತ ಕೇಳಿದ್ಲು. ಕಲ್ಲಲ್ಲಿ ಒಂದ್ಸಲ ತಪ್ಪಿದ್ರೆ ತಪ್ಪಿದ್ದೇ. ನಿಮ್ಮ ಕೈಲಿ ಆ ತಪ್ಪು ಮಾಡಿಸೋಕೆ ನನಗೆ ಮನಸ್ಸಾಗಲಿಲ್ಲ."

ಅಷ್ಟು ಉದ್ದದ ಮಾತನ್ನು ಅವನು ಆ ಊರಿನಲ್ಲಿ ಅದುವರೆಗೆ ಆಡಿರಲಿಲ್ಲ.

ಅಜ್ಜಿ ಸದ್ದಿಲ್ಲದೆ ಇನ್ನೊಂದು ಬಟ್ಟಲು ತಂದು ಮೇಜಿನ ಮೇಲಿಟ್ಟು, ಕುರ್ಚಿ ಎಳೆದಳು. ಅಸಿಮೀನಾ ಕೂತಳು. ತನ್ನ ಪಟ್ಟಿಯನ್ನು ನಾಲ್ಕಾಗಿ ಹರಿದು ಒಲೆಗೆ ಹಾಕಿದಳು.

"ಎಷ್ಟು ಸಿಕ್ಕಿವೆ?"

"ಇದು ಸೇರಿ ಐದು. ಉಳಿದ ಮನೆಯವರು ನನ್ನ ಹತ್ರ ಬಾಯಿ ಬಿಡ್ತಾ ಇಲ್ಲ. ಹೆಣ್ಣು ನೋಡೋಕೆ ಬಂದಿದೀನಿ ಅಂದ್ಕೊಂಡಿದ್ದಾರೆ."

"ನೋಡೋಕೆ ಬಂದಿಲ್ವಾ?" ಎಂದಳು ಅಜ್ಜಿ, ಒಲೆಯ ಕಡೆ ತಿರುಗಿಕೊಂಡೇ.

ವ್ಲಾಸಿಸನ ಕಿವಿ ಕೆಂಪಾಯಿತು. ಅಸಿಮೀನಾ ಬಟ್ಟಲಿನೊಳಗೆ ಏನೋ ಬಿದ್ದಿದೆ ಎನ್ನುವಂತೆ ಅದನ್ನೇ ನೋಡಿದಳು.

ಆ ದಿನ ಪೂರ್ತಿ, ಮರುದಿನ ಬೆಳಿಗ್ಗೆಯೂ ಇಬ್ಬರೂ ಜೊತೆಯಲ್ಲಿ ತಿರುಗಿದರು. ಮುದುಕಿಯರು ಕೂತು ಹೆಸರುಗಳನ್ನು ಎಳೆಎಳೆಯಾಗಿ ಹಿಂದಕ್ಕೆ ಎಳೆದರು. ಒಬ್ಬಳು ತನ್ನ ಹೆಸರು ಹೇಳುವಾಗ ಅತ್ತಳು. ಒಬ್ಬಳು ಗಂಡನ ಮುಂದೆ ಹೇಳಿ, ನಲವತ್ತೆಂಟು ವರ್ಷವಾಯಿತು, ಒಮ್ಮೆ ಕರೆದಿದ್ದೀಯಾ ಎಂದು ಅಲ್ಲೇ ಅವನನ್ನು ತರಾಟೆಗೆ ತೆಗೆದುಕೊಂಡಳು. ಅಸಿಮೀನಾ, ಕನೆಲ್ಲಾ, ಪಗೋನಾ, ಸ್ತಮಾತಾ, ದಿಯಮಾಂದೊ, ಗರುಫಾಲಿಯಾ, ಮಿಲಿಯಾ, ಖ್ರಿಸಾಫೊ, ವಿಯೆನಿಯೊ. ಒಂಬತ್ತು. ಇನ್ನಿಬ್ಬರ ಮನೆತನ ಊರಿನಲ್ಲಿ ಉಳಿದಿರಲಿಲ್ಲ. ಯಾವ ಮೊಮ್ಮಗಳೂ ಆ ಹೆಸರನ್ನು ಹೊತ್ತು ತಂದಿರಲಿಲ್ಲ.

ಶುಕ್ರವಾರ ಒಂಬತ್ತು ಹೆಸರನ್ನೂ ಹಿಡಿದು ಸೊತೀರಿಸನ ಹತ್ತಿರ ಹೋದರು. ಅವನು ಓದಲೂ ಇಲ್ಲ. ಪಟ್ಟಿ ಕೊಟ್ಟಾಗ ಬೇಡ ಅಂದಿರಿ, ಈಗ ಬೇರೆ ಪಟ್ಟಿ ತಂದಿರಿ, ನಾಳೆ ಇನ್ನೊಂದು ತರುತ್ತೀರಿ, ಕಲ್ಲಿನಲ್ಲಿ ಮೊದಲು ಬರೆದದ್ದೇ ಇರಲಿ ಎಂದ.

ಹೊರಗೆ ಬಂದಾಗ ಅಸಿಮೀನಾಳ ಮುಖ ಕೆಂಪೇರಿತ್ತು. ವ್ಲಾಸಿಸ್ ಅಂಗಳದ ತನಕ ನಡೆದ. ಒರಳಿನ ಬಂಡೆಯ ಮುಂದೆ ನಿಂತ.

"ಆ ಕಲ್ಲು ಪಂಚಾಯತಿದು," ಎಂದ. "ಈ ಬಂಡೆ ಯಾರದ್ದು?"

ಅವಳು ಅವನನ್ನೇ ನೋಡಿದಳು. ಇಷ್ಟು ದಿನ, ಇಷ್ಟು ವರ್ಷ, ಅಪ್ಪಣೆ ಕೇಳಿಕೊಂಡು ಅಲೆದಿದ್ದಳು. ಅವರು ಸತ್ತ ಕಲ್ಲು ತನ್ನದೇ ಅಂಗಳದಲ್ಲಿ, ತನ್ನದೇ ಮನೆಯ ಆಸ್ತಿಯಾಗಿ ಬಿದ್ದಿತ್ತು.

"ನಮ್ಮದು," ಎಂದಳು.

"ಹಾಗಾದ್ರೆ ನೀವು ಅಪ್ಪಣೆ ಕೊಡಬೇಕು. ಒಂದೊಂದು ಒರಳಿಗೆ ಒಂದೊಂದು ಹೆಸರು. ಅಂಚಿನ ಮೇಲೆ."

ಯಾವ ಒರಳು ಯಾರದ್ದೆಂದು ಯಾರಿಗೂ ಗೊತ್ತಿರಲಿಲ್ಲ. ಮೂರನೆಯದು, ಆ ಕಲ್ಲು ತಿಂದ ಗಟ್ಟಿಗಿತ್ತಿಯದು, ಗಿರಣಿಯ ಅಂದಿನ ಒಡತಿ ಅಸಿಮೀನಾಳದೇ ಇರಬೇಕೆಂದು ಅಜ್ಜಿ ಹಟ ಹಿಡಿದಳು. ಉಳಿದ ಹೆಸರುಗಳನ್ನು ಹೆಂಗಸರೇ ಬಂದು ಹಂಚಿಕೊಂಡರು. ಶುಕ್ರವಾರ ಮಧ್ಯಾಹ್ನದಿಂದ ಶನಿವಾರ ಹೊತ್ತು ಮುಳುಗುವ ತನಕ ಉಳಿಯ ಸದ್ದು ನಿಲ್ಲಲಿಲ್ಲ. ಅಸಿಮೀನಾ ಪಕ್ಕದಲ್ಲಿ ಕೂತು ನೂಲು ಹಿಡಿದಳು. ಎರಡು ಒರಳಿನ ಅಂಚನ್ನು ಅವನು ಬರಿದೇ ನಯ ಮಾಡಿ, ಅಕ್ಷರವಿಲ್ಲದೆ ಬಿಟ್ಟ. ಕೆಲಸ ಮುಗಿದ ಮೇಲೆ ಕುಂಡಗಳನ್ನು ಅವು ಇದ್ದಲ್ಲೇ ಇಟ್ಟ. ಇಟ್ಟವರೇ ತೆಗೆಯಲಿ ಎಂದ.

ಭಾನುವಾರ ಚರ್ಚಿನಲ್ಲಿ ಸ್ಮರಣೆಯ ಪ್ರಾರ್ಥನೆ. ಸತ್ತವರಿಗೆಂದು ಗೋಧಿ ಬೇಯಿಸಿ, ದಾಳಿಂಬೆ ಬಾದಾಮಿ ಸಕ್ಕರೆ ಬೆರೆಸಿ ತಟ್ಟೆಯಲ್ಲಿಟ್ಟು ತರುವುದು ಹೆಂಗಸರ ಕೆಲಸ. ತಟ್ಟೆಯ ಜೊತೆ ಸತ್ತವರ ಹೆಸರಿನ ಚೀಟಿ. ಆ ಚೀಟಿಯಲ್ಲಿ ಇರುವುದನ್ನು ಪಾದ್ರಿ ಓದಲೇಬೇಕು. ಅದನ್ನು ತಡೆಯುವ ಅಧಿಕಾರ ಯಾವ ಪಂಚಾಯತಿಗೂ ಇಲ್ಲ.

ಪ್ರತಿ ವರ್ಷ ಒಂದೇ ದೊಡ್ಡ ತಟ್ಟೆ ಬರುತ್ತಿತ್ತು. ಆ ದಿನ ಹನ್ನೆರಡು ಬಂದವು.

ಪಾದ್ರಿ ಮೊದಲು ಹದಿನಾಲ್ಕು ಗಂಡಸರ ಚೀಟಿ ಓದಿದ. ಆಮೇಲೆ ಒಂದೊಂದಾಗಿ ಉಳಿದ ಚೀಟಿಗಳನ್ನು ಎತ್ತಿಕೊಂಡ. ಕನೆಲ್ಲಾ. ಪಗೋನಾ. ಸ್ತಮಾತಾ... ಹೆಸರು ಬಿದ್ದಾಗಲೆಲ್ಲ ಚರ್ಚಿನಲ್ಲಿ ಹೆಂಗಸರು ನಿಲ್ಲುವ ಎಡಭಾಗದಲ್ಲಿ ಯಾವುದೋ ಮುದುಕಿ ತಲೆ ಎತ್ತುತ್ತಿದ್ದಳು, ತನ್ನನ್ನೇ ಕರೆದ ಹಾಗೆ. ಕೊನೆಯ ಎರಡು ಚೀಟಿ ಖಾಲಿ. ಪಾದ್ರಿ ಅವುಗಳನ್ನು ತಿರುಗಿಸಿ ನೋಡಿ, "ದೇವರೇ, ಇವಳು ನೀನು ಬಲ್ಲವಳು," ಎಂದ. ಇನ್ನೊಮ್ಮೆ, "ನೀನು ಬಲ್ಲವಳು."

ಅಲ್ಲಿಂದ ಎಲ್ಲರೂ ಗಿರಣಿಯ ಅಂಗಳಕ್ಕೆ ಬಂದರು. ಸೊತೀರಿಸ್ ಹೊದಿಕೆ ಎಳೆದ. ಹದಿನಾಲ್ಕು ಸಾಲು. ಅದರ ಕೆಳಗೆ ಬರೀ ನುಣುಪು ಕಲ್ಲು.

"ಕೊನೇ ಸಾಲೆಲ್ಲಿ ಮೇಸ್ತ್ರಿ?"

"ಅದು ನನ್ನ ಕೈಯಿಂದ ಬರಲಿಲ್ಲ," ಎಂದ ವ್ಲಾಸಿಸ್.

ಸೊತೀರಿಸನ ಮುಖ ಗಂಟಿಕ್ಕಿತು. ಸರ್ಕಾರದವರ ಎದುರಿಗೆ ಹೀಗೆ ಮರ್ಯಾದೆ ತೆಗೆಯುವುದೇ ಎಂದು ಶುರು ಮಾಡಿದ. ಗುಂಪಿನಿಂದ ಅಜ್ಜಿ ಮುಂದೆ ಬಂದಳು.

"ಸೊತೀರಿ, ನನ್ನ ಮೊಮ್ಮಗಳಿಗೆ ಜ್ಞಾನಸ್ನಾನ ಮಾಡಿಸಿದ್ದು ಯಾರು?"

"ನಾನೇ. ಅದಕ್ಕೂ ಇದಕ್ಕೂ..."

"ಅವಳನ್ನ ನೀರಿಂದ ಎತ್ತಿ, ಊರೆಲ್ಲ ಕೇಳೋ ಹಾಗೆ ಏನಂತ ಕೂಗಿದೆ?"

ಅವನು ಸರ್ಕಾರದವರ ಕಡೆ ನೋಡಿದ.

"ಮರೆತಿದ್ರೆ ಅಲ್ಲಿ ಬರೆದಿದೆ, ನೋಡು. ಮೂರನೇ ಕುಂಡ ಎತ್ತು."

ಸೊತೀರಿಸ್ ಅಲ್ಲೇ ನಿಂತಿದ್ದ. ಆಮೇಲೆ ಹೋಗಿ, ಬಗ್ಗಿ, ಮೂರನೇ ಕುಂಡ ಎತ್ತಿದ. ಓದಿದ. ಒರಳಿನ ತಳದಲ್ಲಿ ಅಂಟಿದ್ದ ಒದ್ದೆ ಮಣ್ಣನ್ನು ಅಂಗೈಯಿಂದ ಒರೆಸಿ ತೆಗೆದ. ಕ್ಷಮೆಯ ಮಾತು ಅವನ ಬಾಯಿಂದ ಬರಲಿಲ್ಲ. ಆದರೆ ಪಕ್ಕದ ಕುಂಡವನ್ನೂ ಎತ್ತಿದ. ಅದರ ಪಕ್ಕದ್ದನ್ನೂ. ಹನ್ನೊಂದನ್ನೂ ಅವನೇ ಎತ್ತಿ, ಗೋಡೆಯ ಬುಡಕ್ಕೆ ಸಾಲಾಗಿ ಇಟ್ಟ.

ಮಧ್ಯಾಹ್ನದ ಹೊತ್ತಿಗೆ ಜನ ಕರಗಿದರು. ಅಸಿಮೀನಾ ಕಾಲುವೆಯಿಂದ ಬಿಂದಿಗೆ ತುಂಬಿ ತಂದಳು. ಬಂಡೆಯ ಒಂದು ತುದಿಯಿಂದ ಇನ್ನೊಂದು ತುದಿಗೆ ನಿಧಾನವಾಗಿ ನೀರು ಸುರಿದಳು. ಪುಡಿ, ಮಣ್ಣು, ಒಣಗಿದ ಎಸಳು ಎಲ್ಲ ಹರಿದು ಹೋಯಿತು. ಅಕ್ಷರಗಳು ಉಳಿದವು, ಒದ್ದೆಯಾಗಿ, ಬಿಸಿಲಿಗೆ ಹೊಳೆಯುತ್ತ.

ಉಳಿಗಳನ್ನು ಬಟ್ಟೆಯಲ್ಲಿ ಸುತ್ತುತ್ತಿದ್ದ ವ್ಲಾಸಿಸ್ ನೋಡಿದ. "ಈ ಸಲ ಅಳಿಸೋಕಾಗಲ್ಲ."

"ಅಳಿಸೋಕೆ ಸುರೀಲಿಲ್ಲ." ಬಿಂದಿಗೆ ಕೆಳಗಿಟ್ಟಳು. "ನಾಳೆ ಬಸ್ಸಿಗೆ ಹೊರಡ್ತೀರಂತೆ?"

"ಕೆಲಸ ಮುಗೀತಲ್ಲ."

"ಅಷ್ಟೇನಾ?"

ಅವನು ಬಟ್ಟೆಯ ಗಂಟು ಕಟ್ಟಿದ. ಬಿಚ್ಚಿದ. ಅವಳು ಕಾದಳು. ಈ ಸಲ ಎದ್ದು ಹೋಗಲಿಲ್ಲ.

"ಒಂದು ಮಾತು ಕೇಳಬೇಕು ಅಂತಿದೆ," ಎಂದ ಕೊನೆಗೆ. "ಕೇಳೋಕೆ ಭಯ. ನನ್ನ ಜೊತೆ ಬಂದ್ರೆ ನಮ್ಮೂರಲ್ಲಿ ನಿನ್ನನ್ನ ವ್ಲಾಸೆನಾ ಅಂತಾರೆ. ಬೇಡ ಅಂದ್ರೂ ಅಂತಾರೆ. ಇಷ್ಟೆಲ್ಲ ಆದ ಮೇಲೆ ನಾನೇ ನಿನ್ನ ಹೆಸರು ಕಿತ್ತುಕೊಂಡ ಹಾಗೆ..."

'ನೀನು' ಎಂದಿದ್ದನ್ನು ಅವನು ಗಮನಿಸಿರಲಿಲ್ಲ. ಅವಳು ಗಮನಿಸಿದ್ದಳು.

"ಹಾಗಂದವರ ತಲೆ ಮೇಲೆ ಬಿಂದಿಗೆ ಸುರೀತೀನಿ. ನೀನು ಏನಂತ ಕರೀತೀಯ? ಅದನ್ನ ಹೇಳು."

ಅವನು ಅವಳ ತೋರುಬೆರಳನ್ನು ಹಿಡಿದು, ಮೂರನೇ ಒರಳಿನ ಅಂಚಿನ ಮೇಲಿಟ್ಟು, ಮೊದಲ ಅಕ್ಷರದಿಂದ ಕೊನೆಯ ಅಕ್ಷರದ ತನಕ ಕೆತ್ತಿದ ಗೆರೆಯಲ್ಲಿ ನಡೆಸಿದ. ಕಲ್ಲು ತಣ್ಣಗಿತ್ತು. ಅವನ ಕೈ ಬೆಚ್ಚಗಿತ್ತು.

"ಹೀಗೆ," ಎಂದ.

ಮೇಲಿನ ಕಿಟಕಿ ತೆರೆಯಿತು. "ಅಸಿಮೀನಾ, ಸಾರು ಆರ್ತಾ ಇದೆ. ಅವನನ್ನೂ ಕರ್ಕೊಂಡು ಬಾ," ಎಂದು ಅಜ್ಜಿ ಕೂಗಿದಳು. "ಅವನ ಹೆಸ್ರೇನೋ ಮರ್ತು ಹೋಯ್ತು. ಅಸಿಮೀನಾಳ ಗಂಡ ಅಂತ ಕರೀಲಾ?"

ಅಸಿಮೀನಾ ನಾಚಿ, ಸುಮ್ಮನಿರು ಅಜ್ಜಿ ಎನ್ನಲು ಬಾಯಿ ತೆಗೆದಳು. ಅವನ ಕೈಯೊಳಗೆ ಅವಳ ಬೆರಳು ಇನ್ನೂ ಹಾಗೆಯೇ ಇತ್ತು.

"ಕರೀಲಿ ಬಿಡು," ಎಂದ ವ್ಲಾಸಿಸ್. "ಚೆನ್ನಾಗಿದೆ ಆ ಹೆಸರು."